ಪೂರ್ವಕ್ಕೆ ನಾಲ್ಕು, ಪಶ್ಚಿಮಕ್ಕೆ ನಾಲ್ಕು: ಎರಡು ಇಳಿಜಾರಿನ ಮಾಡಿಗೆ ಒಂದೇ ಸೋಲಾರ್ ಇನ್ವರ್ಟರ್

ಬಾಗಿಲು ಪೂರ್ವಕ್ಕಿರುವ ಹಂಚಿನ ಮನೆಯ ಮಾಡು ಸಾಮಾನ್ಯವಾಗಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇಳಿಯುತ್ತದೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹೋದರೆ ಇಂಥ ಮನೆಗಳು ಎಲ್ಲೆಲ್ಲೂ ಸಿಗುತ್ತವೆ. ಇಂಥ ಮನೆಗೆ ಸೋಲಾರ್ ಹಾಕಿಸಲು ಹೊರಟವರ ಕಿವಿಗೆ ಎರಡು ಮಾತು ಬೀಳುತ್ತವೆ. ಒಂದು, "ದಕ್ಷಿಣಕ್ಕೆ ಮುಖ ಇಲ್ಲ, ಅಂಗಳದಲ್ಲಿ ಕಂಬ ನಿಲ್ಲಿಸಿ ಸ್ಟ್ರಕ್ಚರ್ ಕಟ್ಟಬೇಕು." ಇನ್ನೊಂದು, "ಎರಡೂ ಕಡೆ ಹಾಕೋಣ, ಎಲ್ಲವನ್ನೂ ಒಂದೇ ಲೈನಿಗೆ ಸೇರಿಸಿದರಾಯ್ತು." ಮೊದಲನೆಯದು ಬೇಡದ ಖರ್ಚು. ಎರಡನೆಯದರಿಂದ ಇಪ್ಪತ್ತೈದು ವರ್ಷ ದುಡಿಯಬೇಕಾದ ಪ್ಯಾನೆಲ್‌ಗಳು ಮೊದಲ ದಿನದಿಂದಲೇ ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತವೆ. ಎರಡು ಇಳಿಜಾರಿಗೂ ಪ್ಯಾನೆಲ್ ಹಾಕಿ ಒಂದೇ ಇನ್ವರ್ಟರಿನಲ್ಲಿ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ನಡೆಸಬಹುದು, ಚೆನ್ನಾಗಿಯೇ ನಡೆಸಬಹುದು. ವೈರನ್ನು ಹೇಗೆ ಸೇರಿಸುತ್ತೀರಿ ಎನ್ನುವುದರಲ್ಲಿ ಎಲ್ಲವೂ ಇದೆ.

ದಕ್ಷಿಣದ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ಕರ್ನಾಟಕ ಭೂಮಧ್ಯರೇಖೆಗೆ ಹತ್ತಿರ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಯುರೋಪಿನವರಿಗೆ ದಕ್ಷಿಣ ದಿಕ್ಕು ಮುಖ್ಯವಾದಷ್ಟು ನಮಗೆ ಅಲ್ಲ. ಹತ್ತು ಡಿಗ್ರಿ ಓರೆಯಲ್ಲಿ ಪೂರ್ವ–ಪಶ್ಚಿಮಕ್ಕೆ ಹಂಚಿ ಹಾಕಿದರೆ, ದಕ್ಷಿಣಕ್ಕೆ ಹಾಕಿದ್ದಕ್ಕಿಂತ ವರ್ಷಕ್ಕೆ ಸುಮಾರು ಶೇ 3ರಿಂದ 5 ಕಡಿಮೆ ಸಿಗುತ್ತದೆ. ಇಪ್ಪತ್ತೈದು ಡಿಗ್ರಿ ಇಳಿಯುವ ಹಂಚಿನ ಮಾಡಿನಲ್ಲೂ ನಷ್ಟ ಶೇ 10ರ ಒಳಗೇ ಉಳಿಯುತ್ತದೆ. ಅದನ್ನು ಉಳಿಸಲು ಅಂಗಳದಲ್ಲಿ ಕಬ್ಬಿಣ ಕಟ್ಟುವುದಕ್ಕಿಂತ ಅದೇ ದುಡ್ಡಿಗೆ ಇನ್ನೊಂದು ಪ್ಯಾನೆಲ್ ತರುವುದು ಲೇಸು.

ಬೆಳಿಗ್ಗೆ ಎಂಟೂವರೆಗೆ ಮಾಡಿನ ಮೇಲೆ ಏನಾಗುತ್ತದೆ

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. 540 ವ್ಯಾಟ್‌ನ ಎಂಟು ಮೋನೋ ಪ್ಯಾನೆಲ್, ಪೂರ್ವದ ಇಳಿಜಾರಿಗೆ ನಾಲ್ಕು, ಪಶ್ಚಿಮಕ್ಕೆ ನಾಲ್ಕು. ಇಂಥ ಪ್ಯಾನೆಲ್‌ನ ಹಿಂಬದಿಯ ಚೀಟಿಯಲ್ಲಿ ಹೆಚ್ಚುಕಮ್ಮಿ ಈ ಅಂಕಿಗಳಿರುತ್ತವೆ: ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ವಿಓಸಿ, 49.5 ವೋಲ್ಟ್. ಕೆಲಸ ಮಾಡುವಾಗಿನ ವೋಲ್ಟೇಜ್, ಅಂದರೆ ವಿಎಂಪಿ, 41.6 ವೋಲ್ಟ್. ಕೆಲಸ ಮಾಡುವಾಗಿನ ಕರೆಂಟ್ 13 ಆಂಪಿಯರ್. ಶಾರ್ಟ್ ಸರ್ಕ್ಯೂಟ್ ಕರೆಂಟ್, ಅಂದರೆ ಐಎಸ್‌ಸಿ, 13.85 ಆಂಪಿಯರ್.

ಮಾರ್ಚ್ ತಿಂಗಳ ಶುಭ್ರ ಬೆಳಗು, ಗಂಟೆ ಸುಮಾರು ಎಂಟೂವರೆ. ಸೂರ್ಯ ದಿಗಂತದಿಂದ 29 ಡಿಗ್ರಿಯಷ್ಟು ಮೇಲೇರಿದ್ದಾನೆ. 25 ಡಿಗ್ರಿ ಇಳಿಯುವ ಪೂರ್ವದ ಮಾಡಿಗೆ ಬಿಸಿಲು ಹೆಚ್ಚುಕಡಿಮೆ ಎದುರಿಗೇ ಬೀಳುತ್ತದೆ, ಪಶ್ಚಿಮದ ಮಾಡನ್ನು ಸವರಿಕೊಂಡು ಹೋಗುತ್ತದೆ. ಪೂರ್ವದ ಪ್ಯಾನೆಲ್ 8 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಕೊಡುತ್ತಿದ್ದರೆ ಪಶ್ಚಿಮದ್ದು ಒಂದೂವರೆ–ಎರಡು ಆಂಪಿಯರ್ ಕೊಡುತ್ತದೆ, ಅದೂ ಆಕಾಶದ ಚದುರಿದ ಬೆಳಕಿನಿಂದ.

ಈಗ ಎಂಟನ್ನೂ ಒಂದೇ ಸೀರೀಸಿನಲ್ಲಿ ಪೋಣಿಸಿದ್ದೀರಿ ಎಂದುಕೊಳ್ಳಿ. ಸೀರೀಸಿನಲ್ಲಿ ಎಲ್ಲ ಪ್ಯಾನೆಲ್‌ಗಳಲ್ಲೂ ಹರಿಯುವ ಕರೆಂಟ್ ಒಂದೇ. ಇನ್ವರ್ಟರ್ ಎಂಟೂ ಪ್ಯಾನೆಲ್ ಜೊತೆಗೂಡಿ ನಡೆಯುವ ಕಡೆ ನಿಂತರೆ ಕರೆಂಟ್ 1.7 ಆಂಪಿಯರ್, ಒಟ್ಟು ಸುಮಾರು 550 ವ್ಯಾಟ್. ಪಶ್ಚಿಮದ ನಾಲ್ಕನ್ನು ಬೈಪಾಸ್ ಡಯೋಡ್ ಮೂಲಕ ದಾಟಿಸಿ ಪೂರ್ವದ ನಾಲ್ಕರಿಂದಷ್ಟೇ ಎಳೆದರೆ ಸುಮಾರು 1,280 ವ್ಯಾಟ್. ಇದೇ ಎಂಟು ಪ್ಯಾನೆಲ್‌ಗಳನ್ನು ಎರಡು ಬೇರೆ ಸ್ಟ್ರಿಂಗ್ (ಸೀರೀಸಿನಲ್ಲಿ ಪೋಣಿಸಿದ ಪ್ಯಾನೆಲ್‌ಗಳ ಸಾಲು) ಮಾಡಿದ್ದರೆ ಸಿಗುತ್ತಿದ್ದದ್ದು ಸುಮಾರು 1,600 ವ್ಯಾಟ್. ಅದೇ ಬಿಸಿಲು, ಅದೇ ಪ್ಯಾನೆಲ್, ಬದಲಾದದ್ದು ವೈರಿನ ದಾರಿ ಮಾತ್ರ.

ವ್ಯಾಟ್ ಹೋದರೆ ಹೋಗಲಿ ಎನ್ನಲೂ ಆಗುವುದಿಲ್ಲ. ಬೈಪಾಸ್ ಡಯೋಡ್ ಇರುವುದು ತೆಂಗಿನ ಗರಿಯ ನೆರಳೋ, ಒಣಗಿದ ಎಲೆಯೋ ಬಿದ್ದಾಗ ಸ್ವಲ್ಪ ಹೊತ್ತು ಕರೆಂಟನ್ನು ದಾಟಿಸಲು. ಬೆಳಿಗ್ಗೆ ಪಶ್ಚಿಮದವು, ಸಂಜೆ ಪೂರ್ವದವು ಹೀಗೆ ದಿನವೂ ಗಂಟೆಗಟ್ಟಲೆ ಅದರ ಮೇಲೇ ಕರೆಂಟ್ ಹರಿಸಿದರೆ ಡಯೋಡ್ ಕೂತಿರುವ ಜಂಕ್ಷನ್ ಬಾಕ್ಸ್ ಬಿಸಿಯಾಗುತ್ತದೆ, ಡಯೋಡ್ ಬೇಗ ಸಾಯುತ್ತದೆ. ಶಾರ್ಟ್ ಆಗಿ ಸತ್ತರೆ ಆ ಪ್ಯಾನೆಲ್‌ನ ಮೂರನೇ ಒಂದು ಭಾಗ ಕಾಯಂ ಆಗಿ ಹೋಯಿತು.

ಆದ್ದರಿಂದ ಮೊದಲ ನಿಯಮ, ಇದರಲ್ಲಿ ರಾಜಿ ಇಲ್ಲ: ಒಂದು ಸೀರೀಸಿನಲ್ಲಿರುವ ಎಲ್ಲ ಪ್ಯಾನೆಲ್‌ಗಳ ದಿಕ್ಕೂ ಒಂದೇ, ಓರೆಯೂ ಒಂದೇ ಇರಬೇಕು.

ಸೇರಿಸುವ ದಾರಿಗಳು

ಎಲ್ಲಕ್ಕಿಂತ ಒಳ್ಳೆಯದು ಎರಡು ಎಂಪಿಪಿಟಿ ಇರುವ ಇನ್ವರ್ಟರ್. ಪ್ಯಾನೆಲ್‌ನಿಂದ ಆ ಕ್ಷಣಕ್ಕೆ ಅತಿ ಹೆಚ್ಚು ವ್ಯಾಟ್ ಎಳೆಯಲು ಯಾವ ವೋಲ್ಟೇಜಿನಲ್ಲಿ ನಿಲ್ಲಬೇಕು ಎಂದು ಹುಡುಕುವ ಭಾಗವೇ ಎಂಪಿಪಿಟಿ. ಎರಡಿದ್ದರೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಎರಡೂ ಕಡೆ ಪ್ಯಾನೆಲ್ ಸಂಖ್ಯೆ ಬೇರೆಯಾದರೂ ಆಗುತ್ತದೆ, ಕಂಪನಿ ಬೇರೆಯಾದರೂ ಆಗುತ್ತದೆ.

ಕೊಳ್ಳುವಾಗ ಒಂದು ಕಡೆ ಮೋಸ ಹೋಗುವ ಸಂಭವವಿದೆ. ಇನ್ವರ್ಟರ್ ಅಡಿಯಲ್ಲಿ ಪ್ಲಸ್–ಮೈನಸ್ ಎರಡು ಜೊತೆ ಕಂಡ ಮಾತ್ರಕ್ಕೆ ಎರಡು ಎಂಪಿಪಿಟಿ ಇದೆ ಎಂದಲ್ಲ. ಒಳಗೆ ಎರಡೂ ಜೊತೆ ಒಂದೇ ಎಂಪಿಪಿಟಿಗೆ ಸೇರಿರಬಹುದು. ಡೇಟಾಶೀಟಿನಲ್ಲಿ ಎಂಪಿಪಿಟಿ ಎಷ್ಟು, ಒಂದೊಂದಕ್ಕೆ ಸ್ಟ್ರಿಂಗ್ ಎಷ್ಟು ಎಂದು ಬರೆದಿರುತ್ತದೆ. "2/1" ಎಂದಿದ್ದರೆ ಎರಡು ಎಂಪಿಪಿಟಿ, ಒಂದೊಂದಕ್ಕೆ ಒಂದು ಸ್ಟ್ರಿಂಗ್. "1/2" ಎಂದಿದ್ದರೆ ಎಂಪಿಪಿಟಿ ಒಂದೇ. ಅಂಗಡಿಯವರ ಬಾಯಿಮಾತಿಗೆ ಬಿಡದೆ ಈ ಸಾಲನ್ನು ನೀವೇ ಓದಿ.

ಎರಡನೆಯದು ಪ್ಯಾರಲಲ್. ಎಂಪಿಪಿಟಿ ಒಂದೇ ಇದ್ದರೆ ಪೂರ್ವದ ನಾಲ್ಕು ಒಂದು ಸೀರೀಸ್, ಪಶ್ಚಿಮದ ನಾಲ್ಕು ಇನ್ನೊಂದು ಸೀರೀಸ್ ಮಾಡಿ, ಎರಡರ ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ಸೇರಿಸಬಹುದು. ಸೀರೀಸಿನಲ್ಲಿ ಕೆಡುವುದು ಇಲ್ಲಿ ಯಾಕೆ ಕೆಡುವುದಿಲ್ಲ? ಬಿಸಿಲು ಕಡಿಮೆಯಾದರೆ ಪ್ಯಾನೆಲ್‌ನ ಕರೆಂಟ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ವೋಲ್ಟೇಜ್ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಬಿಸಿಲು ಐದನೇ ಒಂದಕ್ಕೆ ಬಿದ್ದರೂ ವೋಲ್ಟೇಜ್ ಶೇಕಡ ನಾಲ್ಕಾರು ಕೆಳಗೆ ಬರಬಹುದು. ಜೊತೆಗೆ ಬಿಸಿಲು ಕಡಿಮೆ ಇರುವ ಪ್ಯಾನೆಲ್ ತಣ್ಣಗಿರುತ್ತದೆ, ತಣ್ಣಗಿದ್ದಾಗ ವೋಲ್ಟೇಜ್ ಏರುತ್ತದೆ. ಒಂದಕ್ಕೊಂದು ಸರಿದೂಗಿ ಎರಡು ಸ್ಟ್ರಿಂಗ್‌ಗಳ ವೋಲ್ಟೇಜ್ ಹತ್ತಿರ ಹತ್ತಿರವೇ ಉಳಿಯುತ್ತದೆ, ನಷ್ಟ ಶೇ 1ರ ಆಸುಪಾಸು. ಆದರೆ ಎರಡೂ ಕಡೆ ಅದೇ ಮಾದರಿಯ, ಅಷ್ಟೇ ಸಂಖ್ಯೆಯ ಪ್ಯಾನೆಲ್ ಇರಲೇಬೇಕು. ನಾಲ್ಕಕ್ಕೆ ಮೂರನ್ನು ಪ್ಯಾರಲಲ್ ಮಾಡಿದರೆ ನಾಲ್ಕರ ಸ್ಟ್ರಿಂಗ್ ಮೂರರ ವೋಲ್ಟೇಜಿಗೆ ಇಳಿದು ಹೆಚ್ಚುಕಮ್ಮಿ ಒಂದು ಪ್ಯಾನೆಲ್‌ನ ದುಡಿಮೆ ಕಳೆದುಕೊಳ್ಳುತ್ತದೆ, ಇಲ್ಲವೇ ಮೂರರ ಸ್ಟ್ರಿಂಗ್ ಏನೂ ಕೊಡದೆ ಸುಮ್ಮನೆ ಕೂರುತ್ತದೆ.

ಪ್ಯಾರಲಲ್‌ನಲ್ಲಿ ಕರೆಂಟ್ ಕೂಡಿಕೊಳ್ಳುತ್ತದೆ. ನಮ್ಮ ಮಾದರಿಯಲ್ಲಿ ಐಎಸ್‌ಸಿ ಮೊತ್ತ 27.7 ಆಂಪಿಯರ್. ಮನೆಬಳಕೆಯ ಸಣ್ಣ ಇನ್ವರ್ಟರ್‌ಗಳ ಒಂದು ಎಂಪಿಪಿಟಿ ತಾಳುವುದು ಹೆಚ್ಚಾಗಿ 15ರಿಂದ 20 ಆಂಪಿಯರ್. ಪೂರ್ವ–ಪಶ್ಚಿಮ ಒಟ್ಟಿಗೆ ತುದಿ ಮುಟ್ಟುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಎರಡೂ ಮಾಡು ಶೇ 90ರಷ್ಟು ಬಿಸಿಲು ಕುಡಿಯುತ್ತಿರುತ್ತವೆ, ಆ ವಾದ ನಂಬಬೇಡಿ. ಐಎಸ್‌ಸಿ ಮೊತ್ತ ಇನ್ವರ್ಟರಿನ ಐಎಸ್‌ಸಿ ಮಿತಿಯ ಒಳಗಿದ್ದರೆ ಮಾತ್ರ ಪ್ಯಾರಲಲ್. ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಕೆಲವದರಲ್ಲಿ "26+13" ಎಂದು ಬರೆದಿರುತ್ತಾರೆ. ಮೊದಲ ಎಂಪಿಪಿಟಿಗೆ ಎರಡು ಸ್ಟ್ರಿಂಗ್, ಎರಡನೆಯದಕ್ಕೆ ಒಂದು ಎಂದು ಅದರ ಅರ್ಥ. ಆಗಲೂ ಐಎಸ್‌ಸಿ ಸಾಲನ್ನು ಬೇರೆಯಾಗಿ ನೋಡಿಕೊಳ್ಳಿ. 9 ಆಂಪಿಯರ್ ಆಸುಪಾಸಿನ ಹಳೆಯ 330 ವ್ಯಾಟ್ ಪ್ಯಾನೆಲ್ ಇರುವವರಿಗೆ ಪ್ಯಾರಲಲ್ ಸುಲಭವಾಗಿ ಹೊಂದುತ್ತದೆ.

ಮೂರನೆಯ ದಾರಿ ಆಪ್ಟಿಮೈಸರ್ ಅಥವಾ ಮೈಕ್ರೋ ಇನ್ವರ್ಟರ್. ಪ್ಯಾನೆಲ್‌ಗೊಂದು ಪೆಟ್ಟಿಗೆ, ಅದರದರ ಲೆಕ್ಕ ಅದರದರದು. ಒಂದು ಮೂಲೆಗೆ ಎರಡು, ಇನ್ನೊಂದು ಮೂಲೆಗೆ ಮೂರು ಎಂದು ಚದುರಿದ ಮಾಡಿಗೆ, ಅಡಿಕೆ ತೋಟದ ನೆರಳು ಆಗಾಗ ಬರುವ ಮಾಡಿಗೆ ಇದು ಸರಿ. ಎರಡೇ ದಿಕ್ಕಿನ ನೇರ ಇಳಿಜಾರಿಗೆ ಈ ಖರ್ಚು ಬೇಡ. ಕೆಟ್ಟಾಗ ಮಳೆಗಾಲದಲ್ಲಿ ಹಂಚಿನ ಮೇಲೆ ಹತ್ತಿ ಬಿಚ್ಚಬೇಕು ಎನ್ನುವುದೂ ಮನಸ್ಸಿನಲ್ಲಿರಲಿ.

ಹಂತ 1: ಮಾಡು ಅಳೆಯುವುದು

ಇನ್ವರ್ಟರ್ ಮಾತು ಆಮೇಲೆ. ಮೊದಲು ಒಂದೊಂದು ಇಳಿಜಾರಿಗೆ ಎಷ್ಟು ಪ್ಯಾನೆಲ್ ಕೂರುತ್ತದೆ ನೋಡಿ. 540 ವ್ಯಾಟ್ ಪ್ಯಾನೆಲ್ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 28 ಕೆ.ಜಿ. ನಾಲ್ಕನ್ನು ನಿಲುವಾಗಿ ಪಕ್ಕಪಕ್ಕ ಇಡಲು ಸುಮಾರು 4.65 ಮೀಟರ್ ಅಗಲ ಬೇಕು, ಇಳಿಜಾರಿನುದ್ದಕ್ಕೆ 2.3 ಮೀಟರ್. ಮೇಲೆ ಏಣಿನಿಂದಲೂ ಕೆಳಗೆ ಸೂರಿನಿಂದಲೂ ಒಂದೊಂದು ಅಡಿ ಬಿಡಿ. ಅಂಚಿಗೆ ತಾಗಿಸಿದರೆ ಗಾಳಿ ಎತ್ತುತ್ತದೆ, ಮಳೆನೀರು ದೋಣಿ ದಾಟಿ ಹಾರುತ್ತದೆ.

ಭಾರ ಪಕ್ಕಾಸಿನ ಮೇಲೆ ಕೂರಬೇಕು, ರೀಪಿನ ಮೇಲಲ್ಲ. ಹಂಚು ಸರಿಸಿ ಪಕ್ಕಾಸಿಗೆ ಹುಕ್ ಬಿಗಿದು, ಹುಕ್ ಹೊರಬರುವ ಕಡೆ ಮೇಲಿನ ಹಂಚಿನ ಅಡಿಯನ್ನು ಗ್ರೈಂಡರಿನಲ್ಲಿ ಸ್ವಲ್ಪ ಕೊರೆಯಬೇಕು. ಹುಕ್ ಕೆಳಗಿನ ಹಂಚಿಗೆ ತಾಗಬಾರದು, ನಡುವೆ ಬೆರಳು ತೂರುವಷ್ಟು ಜಾಗ ಇರಲಿ. ತಾಗಿಕೊಂಡಿದ್ದರೆ ಗಾಳಿಗೆ ಪ್ಯಾನೆಲ್ ಕೂರಿಸಿದ ರೈಲು (ಲೋಹದ ಪಟ್ಟಿ) ಅಲುಗಿದಾಗಲೆಲ್ಲ ಹಂಚಿಗೆ ಪೆಟ್ಟು ಬೀಳುತ್ತದೆ. ಬಿರುಕು ಬೇಸಿಗೆಯಲ್ಲಿ ಕಾಣುವುದಿಲ್ಲ, ಜೂನ್‌ನಲ್ಲಿ ಅಟ್ಟಕ್ಕೆ ನೀರಿಳಿದಾಗ ಗೊತ್ತಾಗುತ್ತದೆ. ಪಕ್ಕಾಸು ಹಳೆಯದಾಗಿ ಒಳಗೆ ಟೊಳ್ಳಾಗಿದ್ದರೆ ಮೊದಲು ಅದನ್ನು ಬದಲಿಸಿ.

ಎಂಪಿಪಿಟಿ ಎರಡಿದ್ದರೆ ಎರಡು ಕಡೆಗೂ ಸಮ ಹಂಚಬೇಕೆಂದೇನೂ ಇಲ್ಲ. ಘಟ್ಟದ ಸೀಮೆಯಲ್ಲಿ ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಹೆಚ್ಚು, ಅಲ್ಲಿ ಪೂರ್ವದ ಇಳಿಜಾರಿಗೆ ಒಂದು ಪ್ಯಾನೆಲ್ ಹೆಚ್ಚು ಹಾಕುವುದು ಒಳ್ಳೆಯ ಯೋಚನೆ. ಚಳಿಗಾಲದಲ್ಲಿ ಒಂಬತ್ತು ಗಂಟೆಯವರೆಗೆ ಮಂಜು ಕವಿದಿರುವ ಕಣಿವೆಯ ಮನೆಗೆ ಪಶ್ಚಿಮವೇ ಮೇಲು. ನಿಮ್ಮ ಮನೆಯ ಆಕಾಶ ನಿಮಗೇ ಚೆನ್ನಾಗಿ ಗೊತ್ತು. ಆಟಿ ತಿಂಗಳಲ್ಲಿ ಮಾತ್ರ ದಿಕ್ಕಿಗೆ ಬೆಲೆಯಿಲ್ಲ, ಬೆಳಕು ಇಡೀ ಮೋಡದಿಂದ ಬರುತ್ತಿರುವಾಗ ಎರಡೂ ಮಾಡು ಒಂದೇ.

ಹಂತ 2: ವೋಲ್ಟೇಜ್‌ನ ಎರಡು ತುದಿ

ಎಡವುವುದು ಹೆಚ್ಚಾಗಿ ಇಲ್ಲಿಯೇ. ಚಳಿಯಲ್ಲಿ ವೋಲ್ಟೇಜ್ ಏರುತ್ತದೆ, ಸೆಕೆಯಲ್ಲಿ ಇಳಿಯುತ್ತದೆ. ಎರಡೂ ತುದಿ ಲೆಕ್ಕ ಹಾಕಬೇಕು.

ಚಳಿಯ ತುದಿ: ಡಿಸೆಂಬರ್ ಮುಂಜಾನೆ 10 ಡಿಗ್ರಿ ಎಂದಿಟ್ಟುಕೊಳ್ಳಿ. ಪ್ಯಾನೆಲ್‌ನ ಅಂಕಿಗಳು 25 ಡಿಗ್ರಿಯವು, ಅಂದರೆ 15 ಡಿಗ್ರಿ ಕಡಿಮೆ. ಡಿಗ್ರಿಗೆ ಶೇ 0.27ರಂತೆ ವಿಓಸಿ ಶೇ 4ರಷ್ಟು ಏರಿ 51.5 ವೋಲ್ಟ್ ಆಗುತ್ತದೆ. ನಾಲ್ಕಕ್ಕೆ 206 ವೋಲ್ಟ್. 550 ಅಥವಾ 600 ವೋಲ್ಟ್ ತಾಳುವ ಗ್ರಿಡ್ ಇನ್ವರ್ಟರಿಗೆ ಇದು ಏನೂ ಅಲ್ಲ. ಆದರೆ ಬ್ಯಾಟರಿ ಸಿಸ್ಟಮ್ಮಿನ 150 ವೋಲ್ಟ್ ಚಾರ್ಜ್ ಕಂಟ್ರೋಲರಿಗೆ ಇಂಥ ಮೂರು ಪ್ಯಾನೆಲ್ ಸೀರೀಸ್ ಕೊಟ್ಟರೆ, ಚೀಟಿ ಪ್ರಕಾರ 148.5 ವೋಲ್ಟ್ ಎಂದು ಸಮಾಧಾನವಾಗಿರುತ್ತದೆ, ಚಳಿಯ ಬೆಳಿಗ್ಗೆ ಅದೇ 154 ದಾಟುತ್ತದೆ. ಒಳಗಿನ ಭಾಗ ಸುಡಲು ಅಷ್ಟು ಸಾಕು, ವಾರಂಟಿಯೂ ಸಿಗುವುದಿಲ್ಲ.

ಸೆಕೆಯ ತುದಿ: ಏಪ್ರಿಲ್ ಮಧ್ಯಾಹ್ನ ಹಂಚಿನ ಮೇಲಿನ ಪ್ಯಾನೆಲ್‌ನ ಒಳಗೆ 70 ಡಿಗ್ರಿ ಆಗುತ್ತದೆ. ವಿಎಂಪಿ ಡಿಗ್ರಿಗೆ ಸುಮಾರು ಶೇ 0.35ರಂತೆ ಇಳಿದು 41.6ರಿಂದ 35 ವೋಲ್ಟಿಗೆ ಬರುತ್ತದೆ. ನಾಲ್ಕಕ್ಕೆ 140, ಮೂರಕ್ಕೆ 105, ಎರಡಕ್ಕೆ 70.

ಈಗ ಇನ್ವರ್ಟರ್ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಳ್ಳಿ. ಶುರುವಾಗಲು ಬೇಕಾದ ವೋಲ್ಟೇಜ್ ಎಷ್ಟು, ಎಂಪಿಪಿಟಿ ಕೆಲಸ ಮಾಡುವ ಕನಿಷ್ಠ ವೋಲ್ಟೇಜ್ ಎಷ್ಟು? 100 ಮತ್ತು 80 ಎಂದಿದ್ದರೆ ನಾಲ್ಕರ ಸ್ಟ್ರಿಂಗ್ ಆರಾಮ, ಮೂರರದ್ದು ನಡೆಯುತ್ತದೆ, ಎರಡರದ್ದು ಆಗುವುದೇ ಇಲ್ಲ. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ 3 ಕಿಲೋವ್ಯಾಟಿಗೇ ಪೂರ್ತಿ ಸಿಗುವುದರಿಂದ ಬಹಳ ಮನೆಯವರು ಆರು ಪ್ಯಾನೆಲ್‌ಗೆ ನಿಲ್ಲುತ್ತಾರೆ. ಒಂದೇ ದಿಕ್ಕಿನ ಮಾಡಿಗೆ ಆರರ ಸ್ಟ್ರಿಂಗ್ ಚೆನ್ನ. ಎರಡು ದಿಕ್ಕಿಗೆ ಮೂರು–ಮೂರು ಎಂದು ಒಡೆದಾಗ ಕನಿಷ್ಠ ವೋಲ್ಟೇಜ್ 120 ಇರುವ ಇನ್ವರ್ಟರ್ ಬಂದು ಕೂತಿದ್ದರೆ, ಬೇಸಿಗೆಯ ಒಳ್ಳೆಯ ಬಿಸಿಲಿನಲ್ಲೇ ಅದು ತಡವರಿಸುತ್ತದೆ. ಪ್ಯಾನೆಲ್ ದೊಡ್ಡದಾದಷ್ಟೂ ಸ್ಟ್ರಿಂಗ್ ಗಿಡ್ಡವಾಗುವ ಈ ತೊಂದರೆಯನ್ನು ಕೊಟೇಶನ್ ಹಂತದಲ್ಲೇ ಕೇಳಿ. ಕನಿಷ್ಠ ವೋಲ್ಟೇಜ್ 50–60ರಷ್ಟು ಕೆಳಗಿರುವ ಇನ್ವರ್ಟರ್ ಆರಿಸಬಹುದು, ಇಲ್ಲವೇ ಸಬ್ಸಿಡಿಯ ಮಿತಿ ದಾಟಿದರೂ ನಾಲ್ಕು–ನಾಲ್ಕು ಮಾಡಬಹುದು.

ಇನ್ವರ್ಟರ್ ಗಾತ್ರದ ಬಗ್ಗೆ ಎರಡೇ ಮಾತು. ಎಂಟು ಪ್ಯಾನೆಲ್ ಸೇರಿ 4.32 ಕಿಲೋವ್ಯಾಟ್. 25 ಡಿಗ್ರಿ ಓರೆ, 70 ಡಿಗ್ರಿ ಕಾವು ಎರಡನ್ನೂ ಕಳೆದರೆ ಸೆಕೆಯ ಮಧ್ಯಾಹ್ನ ಬರುವುದು ಸುಮಾರು 3.3 ಕಿಲೋವ್ಯಾಟ್. ಹಾಗಾಗಿ 4 ಕಿಲೋವ್ಯಾಟ್ ಇನ್ವರ್ಟರ್ ಧಾರಾಳ.

ಹಂತ 3: ಕೇಬಲ್, ಕನೆಕ್ಟರ್, ಡಿಸಿ ಬಾಕ್ಸ್

ಮನೆ ವೈರಿಂಗಿನ ಪಿವಿಸಿ ವೈರು ಮಾಡಿನ ಮೇಲೆ ಬೇಡ, ಬಿಸಿಲಿಗೆ ಎರಡೇ ವರ್ಷದಲ್ಲಿ ಸಿಪ್ಪೆ ಒಡೆಯುತ್ತದೆ. ಐಎಸ್ 17293 ಗುರುತಿರುವ 4 ಚದರ ಮಿ.ಮೀ. ಸೋಲಾರ್ ಡಿಸಿ ಕೇಬಲ್ ತನ್ನಿ. ಇದರ ತಡೆ ಕಿಲೋಮೀಟರಿಗೆ ಸುಮಾರು 5 ಓಮ್. ಇನ್ವರ್ಟರ್ 20 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 40 ಮೀಟರ್, 0.2 ಓಮ್. 13 ಆಂಪಿಯರ್‌ಗೆ 2.6 ವೋಲ್ಟ್ ನಷ್ಟ, 166 ವೋಲ್ಟಿನ ಸ್ಟ್ರಿಂಗಿಗೆ ಶೇ 1.6. ಗಿಡ್ಡ ಸ್ಟ್ರಿಂಗಿಗೆ ಇದು ಸ್ವಲ್ಪ ಹೆಚ್ಚೇ, 6 ಚದರ ಮಿ.ಮೀ. ಹಾಕಿದರೆ ಶೇ 1ರ ಹತ್ತಿರ ಬರುತ್ತದೆ. ಮಾಡಿನ ಆಚೆ ಮಗ್ಗುಲಿನಿಂದ ಬರುವ ಸ್ಟ್ರಿಂಗಿಗೆ ಕೇಬಲ್ ಉದ್ದವಾಗಿಯೇ ಬೇಕಾಗುತ್ತದೆ, ಅಳೆಯುವಾಗ ಎರಡನ್ನೂ ಬೇರೆ ಬೇರೆ ಅಳೆಯಿರಿ. ಏಣಿನ ಮೂಲೆ ಹಂಚಿನ ಅಡಿಯಿಂದ ದಾಟಿಸುವಾಗ ಕೇಬಲನ್ನು ಕಾಂಡ್ಯೂಟ್ ಪೈಪಿನೊಳಗೆ ಹಾಕಿ. ಮಲೆನಾಡಿನಲ್ಲಿ ಮಂಗಗಳಿಗೆ ತೂಗಾಡುವ ಕೇಬಲ್ ಕಂಡರೆ ಆಟ, ಅಟ್ಟದಲ್ಲಿ ಇಲಿಗಳಿಗೆ ಅದೇ ಆಹಾರ.

ಪ್ಯಾನೆಲ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಎಂಸಿ4 ಕನೆಕ್ಟರ್ ಸಣ್ಣ ವಸ್ತು, ಆದರೆ ಬೆಂಕಿಯ ಮೂಲ ಹಲವು ಸಲ ಅದೇ. ಒಂದು ಕಂಪನಿಯ ಗಂಡು, ಇನ್ನೊಂದು ಕಂಪನಿಯ ಹೆಣ್ಣು ಸೇರಿಸಬಾರದು. ಕ್ಲಿಕ್ ಎಂದು ಕೂರುತ್ತದೆ, ಒಳಗೆ ಲೋಹ ಸರಿಯಾಗಿ ಹಿಡಿದಿರುವುದಿಲ್ಲ. ಪ್ಯಾನೆಲ್‌ನಲ್ಲಿ ಬಂದಿರುವ ಕಂಪನಿಯದ್ದನ್ನೇ ತರಿಸಿ. ಪಕ್ಕಡ್‌ನಲ್ಲಿ ಹಿಸುಕದೆ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿಸಿ, ಒತ್ತಿದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಹಿಂದಿನ ನಟ್ ಬಿಗಿಯಾಗಿದೆಯೇ ನೋಡಿ. ಕನೆಕ್ಟರ್ ಹಂಚಿನ ಮೇಲೆ ಬಿದ್ದಿರಬಾರದು, ರೈಲಿಗೆ ಕಟ್ಟಿ ಮೇಲಕ್ಕೆ ನಿಲ್ಲಿಸಬೇಕು. ಹಂಚಿನ ತಗ್ಗಿನಲ್ಲಿ ಮಳೆನೀರಿನ ಜೊತೆ ಮಲಗಿದ ಕನೆಕ್ಟರೊಂದು ಸಾಕು, ಜುಲೈ ಬೆಳಿಗ್ಗೆ ಇನ್ವರ್ಟರ್ ಇನ್ಸುಲೇಷನ್ ಕಡಿಮೆ ಎಂದು ಎರರ್ ತೋರಿಸಿ ಹತ್ತು ಗಂಟೆಯವರೆಗೆ ಏಳುವುದಿಲ್ಲ. ಬಿಸಿಲು ಬಂದು ಒಣಗಿದ ಮೇಲೆ ತಾನೇ ಶುರುವಾಗುತ್ತದೆ, ಮೆಕ್ಯಾನಿಕ್ ಬರುವಷ್ಟರಲ್ಲಿ ಎಲ್ಲ ಸರಿ ಕಾಣುತ್ತದೆ.

ಮಾಡಿನಿಂದ ಬಂದ ಕೇಬಲ್‌ಗಳು ಇನ್ವರ್ಟರಿಗೆ ಮೊದಲು ಸೇರುವ ಡಿಸಿ ಬಾಕ್ಸಿನಲ್ಲಿ ಒಂದೊಂದು ಸ್ಟ್ರಿಂಗಿಗೆ ಬೇರೆ ಎಂಸಿಬಿ ಅಥವಾ ಐಸೊಲೇಟರ್, ಬೇರೆ ಎಸ್‌ಪಿಡಿ (ಸಿಡಿಲಿನಿಂದ ನುಗ್ಗುವ ವೋಲ್ಟೇಜ್ ತಡೆಯುವ ಸಾಧನ) ಇರಲಿ. ಎಸಿ ಎಂಸಿಬಿ ಇಲ್ಲಿ ಸಲ್ಲದು, ಡಿಸಿ ಕರೆಂಟ್ ಕಡಿಯುವಾಗ ಏಳುವ ಕಿಡಿ, ಅಂದರೆ ಆರ್ಕ್, ತಾನಾಗಿ ಆರುವುದಿಲ್ಲ. ಡಿಸಿ ಎಂಸಿಬಿಗಳಲ್ಲೂ ಕೆಲವಕ್ಕೆ ಪ್ಲಸ್–ಮೈನಸ್ ಗುರುತಿರುತ್ತದೆ. ಒಳಗಿನ ಆಯಸ್ಕಾಂತ ಆರ್ಕನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ, ತಿರುಗುಮುರುಗು ಕೊಟ್ಟರೆ ಆರ್ಕ್ ಯಂತ್ರದೊಳಗೇ ನುಗ್ಗಿ ಎಂಸಿಬಿ ಸುಡುತ್ತದೆ. ಗುರುತಿಲ್ಲದ, ಎರಡೂ ಕಡೆ ನಡೆಯುವ ಮಾದರಿ ಸಿಕ್ಕರೆ ಅದೇ ಒಳ್ಳೆಯದು.

ಪ್ಯಾರಲಲ್ ಮಾಡುವವರಿಗೆ ಫ್ಯೂಸಿನ ಪ್ರಶ್ನೆ ಬರುತ್ತದೆ. ಸ್ಟ್ರಿಂಗ್ ಎರಡೇ ಇದ್ದರೆ ಫ್ಯೂಸ್ ಬೇಡ, ಒಂದು ಕೆಟ್ಟರೂ ಇನ್ನೊಂದರಿಂದ ಅದಕ್ಕೆ ನುಗ್ಗುವುದು ಹೆಚ್ಚೆಂದರೆ 14 ಆಂಪಿಯರ್, ಪ್ಯಾನೆಲ್ ಅದನ್ನು ತಾಳುತ್ತದೆ. ಮೂರಾದರೆ ಬೇಕೇ ಬೇಕು. ಫ್ಯೂಸ್ ಐಎಸ್‌ಸಿಯ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು, ಪ್ಯಾನೆಲ್ ಚೀಟಿಯ ಗರಿಷ್ಠ ಫ್ಯೂಸ್ ಅಂಕಿ ಮೀರಬಾರದು. ನಮ್ಮ ಪ್ಯಾನೆಲ್‌ಗೆ 25 ಆಂಪಿಯರ್‌ನ ಸೋಲಾರ್ ಫ್ಯೂಸ್. ಸೇರಿಸುವುದನ್ನು ಮಾಡಿನ ಮೇಲೆ ವೈ ಕನೆಕ್ಟರಿನಲ್ಲಿ ಮಾಡದೆ ಕೆಳಗೆ ಡಿಸಿ ಬಾಕ್ಸಿನಲ್ಲೇ ಮಾಡಿ, ಅಲ್ಲಿಂದ ಇನ್ವರ್ಟರಿಗೆ 6 ಚದರ ಮಿ.ಮೀ. ಕೇಬಲ್ ಎಳೆಯಿರಿ.

ಅರ್ಥಿಂಗ್ ಮೂರು ಬೇರೆ ಬೇರೆ ಗುಂಡಿ: ಪ್ಯಾನೆಲ್ ಚೌಕಟ್ಟು ಮತ್ತು ಡಿಸಿಗೆ ಒಂದು, ಎಸಿಗೆ ಒಂದು, ಸಿಡಿಲು ತಡೆಗೆ ಒಂದು. ಎರಡೂ ಇಳಿಜಾರಿನ ರೈಲುಗಳನ್ನು ಅರ್ಥ್ ವೈರಿನಿಂದ ಸೇರಿಸಲು ಮರೆಯುವವರಿದ್ದಾರೆ, ನೋಡಿಕೊಳ್ಳಿ.

ಹಂತ 4: ಇನ್ವರ್ಟರಿಗೆ ಕೊಡುವ ಮೊದಲು

ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರದ್ದು, ನೀವು ಪಕ್ಕದಲ್ಲಿ ನಿಂತು ಮೀಟರ್ ನೋಡಿ. 200 ವೋಲ್ಟ್ ಡಿಸಿ ಕೈಗೆ ತಗುಲಿದರೆ ಪ್ರಾಣಕ್ಕೇ ಅಪಾಯ, ಬಿಸಿಲಿರುವಷ್ಟು ಹೊತ್ತು ಅದನ್ನು ಆಫ್ ಮಾಡುವ ಸ್ವಿಚ್ಚಿಲ್ಲ. ಡಿಸಿ ಬಾಕ್ಸಿನ ಎಂಸಿಬಿ ಎಲ್ಲ ಆಫ್ ಆಗಿರಲಿ. ನಂತರ:

1. 1,000 ವೋಲ್ಟ್ ತಾಳುವ ಮಲ್ಟಿಮೀಟರಿನಲ್ಲಿ ಪೂರ್ವದ ಸ್ಟ್ರಿಂಗ್ ವಿಓಸಿ ಅಳೆಯಿರಿ. ನಾಲ್ಕು ಪ್ಯಾನೆಲ್‌ಗೆ ಬೆಚ್ಚಗಿನ ಹೊತ್ತಿನಲ್ಲಿ 175–190 ವೋಲ್ಟ್ ಬರಬೇಕು. 45 ವೋಲ್ಟಿನಷ್ಟು ಕಡಿಮೆ ಬಂದರೆ ಒಂದು ಪ್ಯಾನೆಲ್ ಸೇರಿಲ್ಲ. 15 ವೋಲ್ಟಿನಷ್ಟು ಕಡಿಮೆಯಾದರೆ ಒಂದು ಡಯೋಡ್ ಶಾರ್ಟ್ ಆಗಿರಬಹುದು.

2. ಪಶ್ಚಿಮದ್ದನ್ನೂ ಅಳೆಯಿರಿ. ಎರಡರ ನಡುವೆ ನಾಲ್ಕಾರು ವೋಲ್ಟ್ ವ್ಯತ್ಯಾಸ ಸಹಜ, ಬಿಸಿಲಿರುವ ಕಡೆಯದು ಕಾದಿರುವುದರಿಂದ ಕಡಿಮೆಯೂ ಬರಬಹುದು.

3. ಮೀಟರಿನಲ್ಲಿ ಮೈನಸ್ ಗುರುತು ಕಂಡರೆ ಪೊಲಾರಿಟಿ ತಿರುಗಿದೆ. ಪ್ಯಾರಲಲ್‌ನಲ್ಲಿ ಇದೊಂದು ತಪ್ಪಿದರೆ ಎರಡು ಸ್ಟ್ರಿಂಗ್‌ಗಳೂ ಒಂದನ್ನೊಂದು ಶಾರ್ಟ್ ಮಾಡಿಕೊಳ್ಳುತ್ತವೆ. ಆಗ ಹೆದರಿ ಕನೆಕ್ಟರ್ ಎಳೆದರೆ ಕೈಯಲ್ಲೇ ಆರ್ಕ್ ಹೊತ್ತಿಕೊಳ್ಳುತ್ತದೆ. ಕೈ ಹಾಕದೆ ಸಂಜೆಯಾಗಲು ಬಿಡಿ, ಕತ್ತಲಾದ ಮೇಲೆ ಬಿಚ್ಚಿ.

4. ಕೇಬಲ್ ತುದಿಗಳಿಗೆ "ಪೂರ್ವ +", "ಪೂರ್ವ –", "ಪಶ್ಚಿಮ +", "ಪಶ್ಚಿಮ –" ಎಂದು ಅಳಿಸದ ಚೀಟಿ ಅಂಟಿಸಿ. ಪೂರ್ವದ ಪ್ಲಸ್ ಮೊದಲ ಎಂಪಿಪಿಟಿಗೆ, ಪೂರ್ವದ ಮೈನಸ್ ಎರಡನೆಯದಕ್ಕೆ ಹೋದರೆ ಎರಡೂ ಕೆಲಸ ಮಾಡುವುದಿಲ್ಲ. ಮಾಡಿನಿಂದ ಒಂದೇ ಬಣ್ಣದ ನಾಲ್ಕು ಕೇಬಲ್ ಇಳಿದು ಬಂದಾಗ ಆಗುವ ತಪ್ಪು ಇದೇ.

5. ಮೊದಲು ಡಿಸಿ, ಆಮೇಲೆ ಎಸಿ ಆನ್ ಮಾಡುವುದೇ, ತಿರುಗುಮುರುಗೇ ಎನ್ನುವುದನ್ನು ಆ ಇನ್ವರ್ಟರಿನ ಕೈಪಿಡಿ ನೋಡಿ ಮಾಡಿ. ಕೆಲವು ಇನ್ವರ್ಟರ್‌ಗಳಲ್ಲಿ ಎರಡು ಎಂಪಿಪಿಟಿಯನ್ನು ಸ್ವತಂತ್ರವಾಗಿ ಅಥವಾ ಒಟ್ಟಾಗಿ ನಡೆಸುವ ಸೆಟ್ಟಿಂಗ್ ಇರುತ್ತದೆ. ನಿಮ್ಮದು ಎರಡು ದಿಕ್ಕಾದ್ದರಿಂದ ಸ್ವತಂತ್ರ ಎಂದೇ ಇರಬೇಕು.

ಹಂತ 5: ಮೊದಲ ಬಿಸಿಲಿನ ದಿನದ ಓದು

ಒಟ್ಟು ಯೂನಿಟ್ ನೋಡಿ ಸುಮ್ಮನಾಗಬೇಡಿ. ಆ್ಯಪ್‌ನಲ್ಲಿ ಎಂಪಿಪಿಟಿ 1 ಮತ್ತು 2ರ ಕರೆಂಟ್ ಬೇರೆ ಬೇರೆ ಸಿಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಪೂರ್ವ 8, ಪಶ್ಚಿಮ 2 ಆಂಪಿಯರ್. ಹನ್ನೆರಡೂವರೆಗೆ ಎರಡೂ ಹೆಚ್ಚುಕಡಿಮೆ ಸಮ. ಸಂಜೆ ನಾಲ್ಕರ ಮೇಲೆ ಪಶ್ಚಿಮದ ಸರದಿ. ಎರಡು ಗುಡ್ಡ ಒಂದನ್ನೊಂದು ದಾಟಿದಂತೆ ಗೆರೆ ಮೂಡಿದರೆ ಕೆಲಸ ಸರಿಯಾಗಿದೆ. ದಿನವಿಡೀ ಎರಡೂ ಗೆರೆ ಒಂದರ ಮೇಲೊಂದು ಕೂತಿದ್ದರೆ ಮಾಡಿನ ಮೇಲೆ ಪ್ಯಾನೆಲ್‌ಗಳು ಬೆರೆತಿವೆ, ಅಂದರೆ ಎರಡು ಸ್ಟ್ರಿಂಗ್‌ಗಳಲ್ಲೂ ಎರಡು ಪೂರ್ವ, ಎರಡು ಪಶ್ಚಿಮ ಸೇರಿಕೊಂಡಿವೆ. ವಿಓಸಿ ಪರೀಕ್ಷೆಯಲ್ಲಿ ಈ ತಪ್ಪು ಸಿಗುವುದಿಲ್ಲ, ಇಲ್ಲಿ ಮಾತ್ರ ಸಿಗುತ್ತದೆ. ಕೆಲಸದವರಿಗೆ ಕೊನೆಯ ಕಂತು ಕೊಡುವ ಮೊದಲು ಈ ಗೆರೆ ನೋಡಿ.

ಒಂದು ಗೆರೆಯಲ್ಲಿ ದಿನವೂ ಅದೇ ಹೊತ್ತಿಗೆ ಗುಂಡಿ ಬಿದ್ದಂತೆ ಕಂಡರೆ ಅದು ನೆರಳು. ತೆಂಗಿನ ಮರವೋ, ನೀರಿನ ಟ್ಯಾಂಕೋ, ಡಿಶ್ ಆಂಟೆನಾವೋ ಎಂದು ಆ ಹೊತ್ತಿಗೇ ಅಂಗಳಕ್ಕಿಳಿದು ನೋಡಿ.

ಮೂರನೇ ದಿಕ್ಕು ಬಂದಾಗ

ಅಡುಗೆಮನೆಯ ಮಾಡು ದಕ್ಷಿಣಕ್ಕೆ ಇಳಿದಿದೆ, ಅಲ್ಲಿಗೂ ನಾಲ್ಕು ಹಾಕಬೇಕು, ಎಂಪಿಪಿಟಿ ಎರಡೇ ಎಂದಾದರೆ ಪೂರ್ವ ಮತ್ತು ಪಶ್ಚಿಮವನ್ನು ಪ್ಯಾರಲಲ್ ಮಾಡಿ ಒಂದಕ್ಕೆ, ದಕ್ಷಿಣವನ್ನು ಇನ್ನೊಂದಕ್ಕೆ ಕೊಡಿ. ಕರೆಂಟ್ ಮಿತಿಯ ಲೆಕ್ಕ ಮತ್ತೆ ಮಾಡಿ. ದಕ್ಷಿಣಕ್ಕೆ ಎರಡೇ ಹಿಡಿಯುತ್ತದೆ ಎಂದರೆ ಆ ಎರಡಕ್ಕೆ ಮೈಕ್ರೋ ಇನ್ವರ್ಟರ್ ಹಾಕುವುದು ದಾರಿ. ಎರಡನ್ನು ಪೂರ್ವದ ಸೀರೀಸಿಗೆ ತಗುಲಿಸಿ ಆರು ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನೆಟ್ ಮೀಟರ್ ಆದ ಮೇಲೆ ಪ್ಯಾನೆಲ್ ಸೇರಿಸುವುದಾದರೆ ಮೆಸ್ಕಾಂ, ಬೆಸ್ಕಾಂ ಹೀಗೆ ನಿಮ್ಮ ಭಾಗದ ಎಸ್ಕಾಂನಲ್ಲಿ ಮಂಜೂರಾದ ಸಾಮರ್ಥ್ಯ ತಿದ್ದಿಸಿಕೊಳ್ಳಬೇಕಾಗುತ್ತದೆ. ಮುಂದೆ ಸೇರಿಸುವ ಯೋಚನೆ ಈಗಲೇ ಇದ್ದರೆ ಎರಡು ಇಳಿಜಾರಿಗೂ ಒಂದೊಂದು ಪ್ಯಾನೆಲ್‌ಗೆ ಆಗುವಷ್ಟು ರೈಲು ಹೆಚ್ಚು ಹಾಕಿಸಿಡಿ, ಪ್ಯಾನೆಲ್‌ನ ಮಾದರಿ ಸಂಖ್ಯೆಯನ್ನು ಡಿಸಿ ಬಾಕ್ಸಿನ ಬಾಗಿಲ ಒಳಬದಿಗೆ ಬರೆದಿಡಿ. ಎರಡು ವರ್ಷ ಕಳೆದರೆ ಅದೇ ಮಾದರಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಕನಿಷ್ಠ ಅದೇ ಕರೆಂಟಿನದ್ದನ್ನು ಹುಡುಕಲು ಆ ಸಂಖ್ಯೆ ಬೇಕಾಗುತ್ತದೆ.